ಪ್ಯಾಂಕ್ರಿಯಾಸ್ ಮತ್ತು ಡ್ಯುಯೋಡಿನಮ್‌ಗೆ ರಕ್ತ ಎಲ್ಲಿಂದ ಬರುತ್ತದೆ? ಬಿಡಿಸಿ ಕಲಿಯಲು ಒಂದು ಸಮಗ್ರ ಮಾರ್ಗದರ್ಶಿ

ಎಂಬಿಬಿಎಸ್ ಮೊದಲ ವರ್ಷದಲ್ಲಿ ಹೊಟ್ಟೆಯ ಅನಾಟಮಿ ಓದುವಾಗ ತುಂಬಾ ಜನ ತಡವರಿಸುವ ಜಾಗ ಇದು: ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಮತ್ತು ಡ್ಯುಯೋಡಿನಮ್‌ಗೆ (ಸಣ್ಣ ಕರುಳಿನ ಆರಂಭ) ರಕ್ತ ತರುವ ನಾಳಗಳು, ಅಂದರೆ ಆರ್ಟರಿಗಳು. ಆಂಟೀರಿಯರ್ ಸುಪೀರಿಯರ್ ಪ್ಯಾಂಕ್ರಿಯಾಟಿಕೋಡ್ಯುಯೋಡಿನಲ್ ಆರ್ಟರಿ. ಅದರ ಬೆನ್ನಿಗೇ ಪೋಸ್ಟೀರಿಯರ್ ಸುಪೀರಿಯರ್, ಆಮೇಲೆ ಇನ್ನೆರಡು ಇನ್ಫೀರಿಯರ್. ಹೆಸರುಗಳು ಉದ್ದ, ಒಂದರ ಹಾಗೇ ಇನ್ನೊಂದು. ಸುಮ್ನೆ ಬಾಯಿಪಾಠ ಮಾಡಿದರೆ ವೈವಾ (ಮೌಖಿಕ ಪರೀಕ್ಷೆ) ಮುಗಿಯುವ ತನಕ ನೆನಪಿರುತ್ತದೆ. ಸರ್ಜರಿ ಪೋಸ್ಟಿಂಗ್‌ಗೆ ಬರುವಷ್ಟರಲ್ಲಿ ಮರೆತಿರುತ್ತದೆ.

ಹಾಗಾಗಿ ಪಟ್ಟಿ ಓದಬೇಡಿ, ಚಿತ್ರ ಬಿಡಿಸಿ. ಚಿತ್ರ ಕಲೆಗೆ ಚೆನ್ನಾಗಿರಬೇಕಿಲ್ಲ, ಸಂಬಂಧಗಳು ಸರಿಯಾಗಿದ್ದರೆ ಸಾಕು. ಬಿಡಿಸುತ್ತಾ ಹೋದರೆ ಒಂದೇ ಒಂದು ವಿಷಯ ಮನಸ್ಸಿನಲ್ಲಿ ಗಟ್ಟಿಯಾಗಿ ನಿಲ್ಲಬೇಕು: ಅಯೋರ್ಟಾದ (ಹೃದಯದಿಂದ ಹೊರಡುವ ಮುಖ್ಯ ಆರ್ಟರಿ) ಎರಡು ಬೇರೆ ಬೇರೆ ಕವಲುಗಳು ಪ್ಯಾಂಕ್ರಿಯಾಸ್‌ನ ತಲೆಯ ಸುತ್ತ ಬಂದು ಕೂಡುತ್ತವೆ. ಅಲ್ಸರ್ ರಕ್ತಸ್ರಾವ, ವಿಪ್ಪಲ್ ಆಪರೇಷನ್ (ಪ್ಯಾಂಕ್ರಿಯಾಸ್ ತಲೆಯನ್ನು ತೆಗೆಯುವುದು), ಕಾಯಿಲ್ (ಆರ್ಟರಿ ಮುಚ್ಚುವ ಸಣ್ಣ ತಂತಿ ಸುರುಳಿ) ಹಾಕುವುದು, ಎಲ್ಲಕ್ಕೂ ಈ ಕೂಡುವಿಕೆಯೇ ಕಾರಣ ಕೊಡುತ್ತದೆ.

ಬೇಕಾಗಿರುವುದು ಗೆರೆಯಿಲ್ಲದ ಎ4 ಹಾಳೆ, ಪೆನ್ಸಿಲ್, ಕೆಂಪು ಮತ್ತು ಹಸಿರು ಪೆನ್ನು. ಕೆಂಪು ಆರ್ಟರಿಗೆ, ಹಸಿರು ಪಿತ್ತನಾಳಕ್ಕೆ. ವೇನ್‌ಗಳನ್ನು (ರಕ್ತವನ್ನು ವಾಪಸ್ ಒಯ್ಯುವ ನಾಳಗಳು) ಇವತ್ತು ಬಿಟ್ಟುಬಿಡಿ.

ಹಂತ 1: ಮೊದಲು ಅಂಗಗಳು

ಹಾಳೆ ಅಡ್ಡಕ್ಕೆ ಇಟ್ಟುಕೊಳ್ಳಿ. ರೋಗಿಯ ಬಲಗಡೆ ನಿಮ್ಮ ಎಡಗಡೆ ಬರುತ್ತದೆ. ಇದನ್ನು ಹಾಳೆಯ ಎರಡೂ ಅಂಚಿನಲ್ಲಿ ಬರೆದಿಟ್ಟುಬಿಡಿ. ಮುಂದೆ ನಾನು ಬಲ, ಎಡ ಎಂದಾಗೆಲ್ಲ ರೋಗಿಯ ಬಲ, ಎಡ.

ಪೆನ್ಸಿಲ್‌ನಲ್ಲಿ ಡ್ಯುಯೋಡಿನಮ್ ಬಿಡಿಸಿ. ಇಂಗ್ಲಿಷ್‌ನ ಸಿ ಅಕ್ಷರದ ಆಕಾರ, ಬಾಯಿ ಎಡಕ್ಕೆ. ಒಟ್ಟು ಉದ್ದ ಸುಮಾರು 25 ಸೆಂ.ಮೀ. ಮೊದಲ ಭಾಗ ಸುಮಾರು 5 ಸೆಂ.ಮೀ., ಕೆಳಗಿಳಿಯುವ ಎರಡನೆಯದು 8, ಅಡ್ಡಕ್ಕೆ ಹೋಗುವ ಮೂರನೆಯದು 10, ಮತ್ತೆ ಮೇಲೇರುವ ನಾಲ್ಕನೆಯದು ಬರೀ 2.5. ಅಳತೆ ಅಂದಾಜಿಗಿದ್ದರೆ ಸಾಕು, ಆದರೆ ಮೂರನೇ ಭಾಗ ಉದ್ದವಾಗಿಯೇ ಇರಲಿ. ಅದು ಬೆನ್ನುಮೂಳೆ ಮತ್ತು ಅಯೋರ್ಟಾದ ಮುಂದೆ ದಾಟಿ ಎಡಕ್ಕೆ ಹೋಗಬೇಕು.

ಆ ಸಿ ಒಳಗೆ ಪ್ಯಾಂಕ್ರಿಯಾಸ್‌ನ ತಲೆ. ಅಲ್ಲಿಂದ ಸಣ್ಣ ಕತ್ತು, ಆಮೇಲೆ ಎಡಕ್ಕೆ, ಸ್ವಲ್ಪ ಮೇಲಕ್ಕೆ ಚಾಚುವ ಮೈ, ಕೊನೆಗೆ ಸ್ಪ್ಲೀನ್ (ಗುಲ್ಮ) ಬಾಗಿಲವರೆಗೆ ಹೋಗುವ ಬಾಲ. ತಲೆಯ ಕೆಳಭಾಗದಿಂದ ಎಡಕ್ಕೆ ತಿರುಗುವ ಒಂದು ತುಣುಕಿದೆ, ಅನ್ಸಿನೇಟ್ ಪ್ರೋಸೆಸ್. ಅದನ್ನು ಮರೆಯಬೇಡಿ, ನಾಲ್ಕನೇ ಹಂತದಲ್ಲಿ ಬೇಕಾಗುತ್ತದೆ.

ಈಗ ಹಸಿರು ಪೆನ್ನು. ಪಿತ್ತನಾಳ ಮೇಲಿಂದ ಬಂದು ಡ್ಯುಯೋಡಿನಮ್‌ನ ಮೊದಲ ಭಾಗದ ಹಿಂದೆ ಇಳಿಯುತ್ತದೆ. ನಂತರ ಪ್ಯಾಂಕ್ರಿಯಾಸ್ ತಲೆಯ ಹಿಂಬದಿಯಲ್ಲಿ ಸಾಗಿ, ಎರಡನೇ ಭಾಗದ ನಡುವಿನ ಹತ್ತಿರ ಒಳಗೋಡೆಗೆ ಸೇರುತ್ತದೆ. ಹಿಂದೆ ಇರುವುದರಿಂದ ಚುಕ್ಕೆ ಗೆರೆ ಹಾಕಿ. ಅದು ತೆರೆದುಕೊಳ್ಳುವ ಜಾಗದಲ್ಲಿ, ಪೈಲೋರಸ್‌ನಿಂದ (ಜಠರದ ಕೊನೆಯ ಬಾಯಿ) ಸುಮಾರು 8ರಿಂದ 10 ಸೆಂ.ಮೀ. ದೂರದಲ್ಲಿ, ಒಂದು ದಪ್ಪ ಚುಕ್ಕೆ ಇಡಿ. ಇದೇ ಮೇಜರ್ ಪ್ಯಾಪಿಲ್ಲಾ.

ಈ ಚುಕ್ಕೆ ಬರೀ ಗುರುತಲ್ಲ, ಒಂದು ಗಡಿ. ಭ್ರೂಣದಲ್ಲಿ ಫೋರ್‌ಗಟ್ (ಕರುಳಿನ ಕೊಳವೆಯ ಮುಂಭಾಗ) ಇಲ್ಲಿ ಮುಗಿದು ಮಿಡ್‌ಗಟ್ (ನಡುಭಾಗ) ಶುರುವಾಗುತ್ತದೆ. ಫೋರ್‌ಗಟ್‌ನ ಆರ್ಟರಿ ಸೀಲಿಯಾಕ್ ಟ್ರಂಕ್, ಮಿಡ್‌ಗಟ್‌ನದು ಸುಪೀರಿಯರ್ ಮೆಸೆಂಟೆರಿಕ್ ಆರ್ಟರಿ, ಅಂದರೆ ಎಸ್‌ಎಂಎ. ಇಷ್ಟು ಗೊತ್ತಿದ್ದರೆ ಇಲ್ಲಿಗೆ ಎರಡು ಕಡೆಯಿಂದ ರಕ್ತ ಯಾಕೆ ಬರುತ್ತದೆ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಹಂತ 2: ಅಯೋರ್ಟಾ ಮತ್ತು ಎರಡು ಬುಡಗಳು

ಕೆಂಪು ಪೆನ್ನಿನಲ್ಲಿ ಹಾಳೆಯ ನಡುವೆ ಅಯೋರ್ಟಾವನ್ನು ಉದ್ದಕ್ಕೆ ಎಳೆಯಿರಿ. ಪ್ಯಾಂಕ್ರಿಯಾಸ್‌ನ ಮೇಲಂಚಿನ ಸ್ವಲ್ಪ ಮೇಲೆ ಒಂದು ಬುಡ: ಸೀಲಿಯಾಕ್ ಟ್ರಂಕ್, ಟಿ12 ಮಟ್ಟದಲ್ಲಿ. ಅದರ ಸುಮಾರು 1 ಸೆಂ.ಮೀ. ಕೆಳಗೆ ಇನ್ನೊಂದು: ಎಸ್‌ಎಂಎ, ಎಲ್1 ಮಟ್ಟದಲ್ಲಿ. ಎರಡೂ ಅಯೋರ್ಟಾದ ಮುಂಬದಿಯಿಂದಲೇ ಹೊರಡುತ್ತವೆ.

ಎರಡು ಟ್ಯಾಂಕಿನಿಂದ ನೀರು ಬರುವ ಒಂದು ಬೀದಿಯನ್ನು ನೆನಪಿಸಿಕೊಳ್ಳಿ. ಒಂದು ಕಡೆಯ ವಾಲ್ವ್ ಮುಚ್ಚಿದರೂ ನಡುವಿನ ಮನೆಗಳ ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ. ಪ್ಯಾಂಕ್ರಿಯಾಸ್‌ನ ತಲೆ ಮತ್ತು ಡ್ಯುಯೋಡಿನಮ್ ಆ ನಡುವಿನ ಮನೆಗಳು.

ಹಂತ 3: ಮೇಲಿನಿಂದ ಬರುವ ರಕ್ತ

ಸೀಲಿಯಾಕ್ ಟ್ರಂಕ್ ಗಿಡ್ಡ, 1ರಿಂದ 2 ಸೆಂ.ಮೀ. ಅಷ್ಟೇ. ತಕ್ಷಣ ಮೂರಾಗಿ ಒಡೆಯುತ್ತದೆ. 18ನೇ ಶತಮಾನದ ಸ್ವಿಸ್ ಅನಾಟಮಿಸ್ಟ್ ಆಲ್ಬ್ರೆಕ್ಟ್ ಫಾನ್ ಹಾಲರ್ ಹೆಸರಿನಲ್ಲಿ ಈ ಮೂರು ಕವಲಿನ ಗುಂಪನ್ನು ಹಾಲರ್‌ನ ಟ್ರೈಪಾಡ್ ಎಂದು ಇವತ್ತಿಗೂ ಕರೆಯುತ್ತಾರೆ. ಲೆಫ್ಟ್ ಗ್ಯಾಸ್ಟ್ರಿಕ್ ಮೇಲಕ್ಕೆ ಹೋಗುತ್ತದೆ. ಅದನ್ನು ತುಂಡು ಗೆರೆಯಾಗಿ ಬಿಟ್ಟುಬಿಡಿ. ಸ್ಪ್ಲೀನಿಕ್ ಎಡಕ್ಕೆ. ಕಾಮನ್ ಹೆಪಾಟಿಕ್ ಬಲಕ್ಕೆ, ಪ್ಯಾಂಕ್ರಿಯಾಸ್‌ನ ಮೇಲಂಚು ಹಿಡಿದು.

ಕಾಮನ್ ಹೆಪಾಟಿಕ್ ಡ್ಯುಯೋಡಿನಮ್‌ನ ಮೊದಲ ಭಾಗದ ಮೇಲೆ ಬಂದು ಎರಡಾಗುತ್ತದೆ. ಲಿವರ್ ಕಡೆ ಏರುವುದು ಪ್ರಾಪರ್ ಹೆಪಾಟಿಕ್. ಕೆಳಗಿಳಿಯುವುದು ಗ್ಯಾಸ್ಟ್ರೋಡ್ಯುಯೋಡಿನಲ್, ಎಲ್ಲರ ಬಾಯಲ್ಲಿ ಜಿಡಿಎ. ಈ ಜಿಡಿಎ ಮೇಲೆ ಸ್ವಲ್ಪ ಹೊತ್ತು ನಿಲ್ಲಿ, ಇಡೀ ಚಿತ್ರದ ನಾಯಕ ಇದೇ.

ಜಿಡಿಎ ಡ್ಯುಯೋಡಿನಮ್‌ನ ಮೊದಲ ಭಾಗದ ಹಿಂದೆ ಇಳಿಯುತ್ತದೆ. ಪಿತ್ತನಾಳವೂ ಅಲ್ಲೇ ಹಿಂದೆ ಇಳಿಯುತ್ತದೆ, ಆದರೆ ಅದು ಬಲಕ್ಕೆ, ಜಿಡಿಎ ಎಡಕ್ಕೆ. ಡ್ಯುಯೋಡಿನಮ್ ದಾಟಿದ ಮೇಲೆ ಜಿಡಿಎ ಪ್ಯಾಂಕ್ರಿಯಾಸ್‌ನ ಮುಂಬದಿಗೆ ಬರುತ್ತದೆ. ಪಿತ್ತನಾಳ ಹಿಂಬದಿಗೆ ಹೋಗುತ್ತದೆ. ಜೊತೆಯಲ್ಲಿ ಬಂದ ಎರಡು, ಪ್ಯಾಂಕ್ರಿಯಾಸ್ ತಲೆಯ ಹತ್ತಿರ ಒಂದು ಮುಂದೆ, ಒಂದು ಹಿಂದೆ ಎಂದು ಬೇರೆಯಾಗುತ್ತವೆ. ಸಿಟಿ ಸ್ಕ್ಯಾನ್ ನೋಡುವಾಗ ಇದೇ ನಿಮ್ಮನ್ನು ಕೈಹಿಡಿಯುತ್ತದೆ.

ಜಿಡಿಎ ಬಿಡುವ ಕವಲುಗಳು ಹೀಗಿವೆ. ಶುರುವಿನಲ್ಲೇ, ಡ್ಯುಯೋಡಿನಮ್‌ನ ಮೇಲಂಚಿನ ಹತ್ತಿರ, ಪೋಸ್ಟೀರಿಯರ್ ಸುಪೀರಿಯರ್ ಪ್ಯಾಂಕ್ರಿಯಾಟಿಕೋಡ್ಯುಯೋಡಿನಲ್ ಹೊರಡುತ್ತದೆ. ಅದು ಪಿತ್ತನಾಳದ ಮುಂದೆ ಬಲಕ್ಕೆ ದಾಟಿ, ಅದನ್ನು ಬಳಸಿಕೊಂಡು ತಲೆಯ ಹಿಂಬದಿಗೆ ಹೋಗುತ್ತದೆ. ಪಿತ್ತನಾಳದ ಕೆಳಭಾಗಕ್ಕೂ ರಕ್ತ ಕೊಡುತ್ತದೆ. ಆಮೇಲೆ ಜಿಡಿಎ ಡ್ಯುಯೋಡಿನಮ್‌ನ ಕೆಳ ಅಂಚಿನಲ್ಲಿ ಎರಡಾಗಿ ಮುಗಿಯುತ್ತದೆ: ಜಠರದ ದೊಡ್ಡ ಬಾಗಿನ ಕಡೆ ಹೋಗುವ ರೈಟ್ ಗ್ಯಾಸ್ಟ್ರೋಎಪಿಪ್ಲೋಯಿಕ್, ಮತ್ತು ತಲೆಯ ಮುಂಬದಿಯಲ್ಲಿ ಇಳಿಯುವ ಆಂಟೀರಿಯರ್ ಸುಪೀರಿಯರ್ ಪ್ಯಾಂಕ್ರಿಯಾಟಿಕೋಡ್ಯುಯೋಡಿನಲ್. ಅಂದರೆ ಹಿಂದಿನದು ಮೊದಲು, ಮುಂದಿನದು ಕೊನೆಗೆ. ವೈವಾದಲ್ಲಿ ಕೇಳಬಹುದಾದ ಕ್ರಮ ಇದು.

ಹಂತ 4: ಕೆಳಗಿನಿಂದ ಬರುವ ರಕ್ತ

ಎಸ್‌ಎಂಎ ಅಯೋರ್ಟಾದಿಂದ ಹೊರಟು ಪ್ಯಾಂಕ್ರಿಯಾಸ್‌ನ ಕತ್ತಿನ ಹಿಂದೆ ಇಳಿಯುತ್ತದೆ. ನಂತರ ಅನ್ಸಿನೇಟ್ ಪ್ರೋಸೆಸ್‌ನ ಮುಂದೆ, ಡ್ಯುಯೋಡಿನಮ್‌ನ ಮೂರನೇ ಭಾಗದ ಮುಂದೆ ಹಾದುಹೋಗುತ್ತದೆ. ಕತ್ತಿನ ಹಿಂದೆ, ಅನ್ಸಿನೇಟ್‌ನ ಮುಂದೆ: ಈ ಎರಡು ಮಾತನ್ನು ಬಾಯಲ್ಲಿ ಹೇಳಿಕೊಂಡೇ ಗೆರೆ ಎಳೆಯಿರಿ. ಚಿತ್ರದಲ್ಲಿ ಅನ್ಸಿನೇಟ್ ಇಲ್ಲದಿದ್ದರೆ ಇದು ಅರ್ಥವೇ ಆಗುವುದಿಲ್ಲ.

ಕತ್ತಿನ ಹಿಂದೆಯೇ ಎಸ್‌ಎಂಎಯಿಂದ ಒಂದು ಸಣ್ಣ ಕವಲು ಬಲಕ್ಕೆ ಹೊರಡುತ್ತದೆ: ಇನ್ಫೀರಿಯರ್ ಪ್ಯಾಂಕ್ರಿಯಾಟಿಕೋಡ್ಯುಯೋಡಿನಲ್. ಸಾಮಾನ್ಯವಾಗಿ ಇದು ಎಸ್‌ಎಂಎಯ ಮೊದಲ ಕವಲು. ಎಷ್ಟೋ ಜನರಲ್ಲಿ ಇದು ಮೊದಲ ಜೆಜುನಲ್ ಆರ್ಟರಿಯ (ಡ್ಯುಯೋಡಿನಮ್ ನಂತರದ ಸಣ್ಣ ಕರುಳಿಗೆ ಹೋಗುವುದು) ಜೊತೆ ಒಂದೇ ಬುಡದಿಂದ ಬರುತ್ತದೆ. ಪುಸ್ತಕದ ಚಿತ್ರದಲ್ಲಿ ಒಂಟಿಯಾಗಿ ಕಂಡಿದ್ದು ಡಿಸೆಕ್ಷನ್ ಟೇಬಲ್ ಮೇಲೆ ಹಾಗಿಲ್ಲದಿದ್ದರೆ ಗಾಬರಿಯಾಗಬೇಡಿ. ಸ್ವಲ್ಪ ಮುಂದೆ ಹೋಗಿ ಇದು ಆಂಟೀರಿಯರ್ ಇನ್ಫೀರಿಯರ್ ಮತ್ತು ಪೋಸ್ಟೀರಿಯರ್ ಇನ್ಫೀರಿಯರ್ ಎಂದು ಎರಡಾಗುತ್ತದೆ.

ಹೆಸರುಗಳ ಭಯ ಈಗ ಹೋಗಬೇಕು. ಸುಪೀರಿಯರ್ ಎಂದರೆ ಜಿಡಿಎಯಿಂದ, ಇನ್ಫೀರಿಯರ್ ಎಂದರೆ ಎಸ್‌ಎಂಎಯಿಂದ. ಆಂಟೀರಿಯರ್ ತಲೆಯ ಮುಂದೆ, ಪೋಸ್ಟೀರಿಯರ್ ಹಿಂದೆ. ಎರಡೆರಡರ ಲೆಕ್ಕ, ಒಟ್ಟು ನಾಲ್ಕು.

ಹಂತ 5: ಜೋಡಿಸಿ

ಮುಂದಿನ ಎರಡನ್ನು ಒಂದಕ್ಕೊಂದು ಸೇರಿಸಿ, ಗಟ್ಟಿ ಗೆರೆಯಲ್ಲಿ. ಹಿಂದಿನ ಎರಡನ್ನು ಸೇರಿಸಿ, ಚುಕ್ಕೆ ಗೆರೆಯಲ್ಲಿ. ಎರಡು ಕಮಾನುಗಳಾದವು. ಇವೇ ಆಂಟೀರಿಯರ್ ಮತ್ತು ಪೋಸ್ಟೀರಿಯರ್ ಆರ್ಕೇಡ್. ಮುಂದಿನ ಕಮಾನು ಡ್ಯುಯೋಡಿನಮ್‌ನ ಅಂಚಿಗೆ ಹತ್ತಿರ. ಕೆಳಗಡೆ ಅದು ತಲೆಯನ್ನು ಬಳಸಿ ಹಿಂದಕ್ಕೆ ತಿರುಗಿ ಎಸ್‌ಎಂಎ ಕಡೆಯ ಕವಲನ್ನು ಸೇರುತ್ತದೆ. ಹಿಂದಿನ ಕಮಾನು ಡ್ಯುಯೋಡಿನಮ್‌ನಿಂದ ಸ್ವಲ್ಪ ದೂರದಲ್ಲಿದೆ, ಚಿತ್ರದಲ್ಲೂ ಮುಂದಿನದಕ್ಕಿಂತ ಒಳಗೆ, ಸ್ವಲ್ಪ ಮೇಲೆ ಬರಬೇಕು.

ಈಗ ಮುಖ್ಯವಾದ ಕೆಲಸ. ಪ್ರತಿ ಕಮಾನಿನಿಂದ ಎರಡೂ ಬದಿಗೆ ಸಣ್ಣ ಸಣ್ಣ ಗೆರೆಗಳನ್ನು ಎಳೆಯಿರಿ. ಒಂದು ಬದಿಯವು ಡ್ಯುಯೋಡಿನಮ್‌ಗೆ, ಇನ್ನೊಂದು ಬದಿಯವು ಪ್ಯಾಂಕ್ರಿಯಾಸ್‌ಗೆ. ಈಗ ಚಿತ್ರ ನೋಡಿ. ಕಮಾನು ತೆಗೆಯದೆ ತಲೆಯನ್ನು ಪೂರ್ತಿ ತೆಗೆಯಲು ಆಗುತ್ತದಾ? ಕಮಾನು ಹೋದರೆ ಡ್ಯುಯೋಡಿನಮ್ ಬದುಕುತ್ತದಾ? ಪ್ಯಾಂಕ್ರಿಯಾಸ್ ತಲೆಯ ಕ್ಯಾನ್ಸರ್‌ಗೆ ಡ್ಯುಯೋಡಿನಮ್ ಕೂಡ ಯಾಕೆ ತೆಗೆಯುತ್ತಾರೆ ಎಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಈ ಸಣ್ಣ ಗೆರೆಗಳಲ್ಲಿದೆ.

ಹಂತ 6: ಮೈ ಮತ್ತು ಬಾಲ

ಇದು ಪೂರ್ತಿ ಸ್ಪ್ಲೀನಿಕ್ ಆರ್ಟರಿಯ ಸೀಮೆ ಎಂದರೂ ನಡೆಯುತ್ತದೆ. ಪ್ಯಾಂಕ್ರಿಯಾಸ್‌ನ ಮೇಲಂಚಿನಲ್ಲಿ ಅದನ್ನು ಅಂಕುಡೊಂಕಾಗಿ ಎಳೆಯಿರಿ, ನೇರವಾಗಿ ಬೇಡ. ಅದರ ಉದ್ದಕ್ಕೂ ಸಣ್ಣ ಕವಲುಗಳು ಕೆಳಕ್ಕೆ ಇಳಿಯುತ್ತವೆ. ಹೆಸರಿರುವವು ಮೂರು.

ಶುರುವಿನ ಹತ್ತಿರ ಡಾರ್ಸಲ್ ಪ್ಯಾಂಕ್ರಿಯಾಟಿಕ್. ಇದು ಸ್ಪ್ಲೀನಿಕ್‌ನಿಂದ ಬರುವುದು ಹೆಚ್ಚು, ಆದರೆ ಸೀಲಿಯಾಕ್, ಕಾಮನ್ ಹೆಪಾಟಿಕ್, ಎಸ್‌ಎಂಎ, ಎಲ್ಲಿಂದ ಬೇಕಾದರೂ ಬರಬಹುದು. ಕತ್ತಿನ ಹಿಂದೆ ಇಳಿದು ಎರಡಾಗುತ್ತದೆ. ಬಲದ ಕವಲು ತಲೆಯ ಕಡೆ ಹೋಗಿ ಜಿಡಿಎ ಕಡೆಯ ಕವಲನ್ನು ಸೇರುತ್ತದೆ. ಎಡದ ಕವಲು ಕೆಳ ಅಂಚಿನಲ್ಲಿ ಬಾಲದತ್ತ ಹೋಗುತ್ತದೆ, ಅದೇ ಇನ್ಫೀರಿಯರ್ ಪ್ಯಾಂಕ್ರಿಯಾಟಿಕ್. ಎರಡನೆಯದು ಮೈ ಮುಗಿದು ಬಾಲ ಶುರುವಾಗುವ ಸುಮಾರಿಗೆ ಇಳಿಯುವ ಗ್ರೇಟ್ ಪ್ಯಾಂಕ್ರಿಯಾಟಿಕ್. ಮೂರನೆಯದು ಬಾಲದ ತುದಿಯ ಕಾಡಲ್ ಕವಲುಗಳು. ಮೂರನ್ನೂ ಕೆಳ ಅಂಚಿನ ಇನ್ಫೀರಿಯರ್ ಪ್ಯಾಂಕ್ರಿಯಾಟಿಕ್‌ಗೆ ಸೇರಿಸಿಬಿಡಿ.

ಹಂತ 7: ಡ್ಯುಯೋಡಿನಮ್‌ನ ಎರಡು ತುದಿಗಳು

ಕಮಾನುಗಳು ನೋಡಿಕೊಳ್ಳುವುದು ಮುಖ್ಯವಾಗಿ ಎರಡನೇ ಮತ್ತು ಮೂರನೇ ಭಾಗವನ್ನು. ಮೊದಲ ಭಾಗದ ಆರಂಭದ 2 ಸೆಂ.ಮೀ. ಸುಮಾರಿಗೆ ಬೇರೆ ಬೇರೆ ಸಣ್ಣ ಆರ್ಟರಿಗಳಿಂದ ರಕ್ತ ಬರುತ್ತದೆ: ಸುಪ್ರಾಡ್ಯುಯೋಡಿನಲ್, ರೈಟ್ ಗ್ಯಾಸ್ಟ್ರಿಕ್, ರೈಟ್ ಗ್ಯಾಸ್ಟ್ರೋಎಪಿಪ್ಲೋಯಿಕ್, ಜಿಡಿಎಯ ರೆಟ್ರೋಡ್ಯುಯೋಡಿನಲ್ ಕವಲುಗಳು. ನಾಲ್ಕನೇ ಭಾಗಕ್ಕೆ ಮೊದಲ ಜೆಜುನಲ್ ಆರ್ಟರಿಯ ನೆರವಿದೆ. ಚಿತ್ರ ಮುಗಿಯಿತು.

ಹಂತ 8: ಡಿಸೆಕ್ಷನ್ ಟೇಬಲ್ ಮೇಲೆ

ಕಡೇವರ್‌ನಲ್ಲಿ (ಡಿಸೆಕ್ಷನ್‌ಗೆ ಇಟ್ಟ ಶವ) ನೇರವಾಗಿ ಜಿಡಿಎ ಹುಡುಕಲು ಹೋಗಬೇಡಿ. ಸೀಲಿಯಾಕ್‌ನಿಂದ ಶುರು ಮಾಡಿ, ಪ್ಯಾಂಕ್ರಿಯಾಸ್‌ನ ಮೇಲಂಚಿನಲ್ಲಿ ಕಾಮನ್ ಹೆಪಾಟಿಕ್ ಹಿಡಿದು ಬಲಕ್ಕೆ ಬನ್ನಿ. ಕೆಳಕ್ಕೆ ತಿರುಗುವ ಕವಲೇ ಜಿಡಿಎ. ಡ್ಯುಯೋಡಿನಮ್‌ನ ಮೊದಲ ಭಾಗವನ್ನು ಮೆಲ್ಲಗೆ ಎತ್ತಿ ಹಿಂದೆ ನೋಡಿದರೆ ಅದು ಗೋಡೆಗೆ ಎಷ್ಟು ಹತ್ತಿರ ಕುಳಿತಿದೆ ಎಂಬುದು ಕಣ್ಣಾರೆ ಕಾಣುತ್ತದೆ. ಆ ಹತ್ತಿರವನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಸರ್ ಪಾಠ ಓದುವ ಮುಂಚೆಯೇ ಅರ್ಧ ಪಾಠ ಆಗಿರುತ್ತದೆ.

ಹಿಂದಿನ ಕಮಾನು ನೋಡಬೇಕಾದರೆ ಡ್ಯುಯೋಡಿನಮ್‌ನ ಎರಡನೇ ಭಾಗದ ಹೊರ ಅಂಚಿನಲ್ಲಿ ಪೆರಿಟೋನಿಯಮ್ (ಹೊಟ್ಟೆಯ ಒಳಪೊರೆ) ಕತ್ತರಿಸಿ, ಡ್ಯುಯೋಡಿನಮ್ ಮತ್ತು ತಲೆಯನ್ನು ಒಟ್ಟಿಗೆ ಎಡಕ್ಕೆ ಮಗುಚಬೇಕು. ಆಪರೇಷನ್ ಥಿಯೇಟರ್‌ನಲ್ಲಿ ಇದನ್ನೇ ಕಾಕರ್ ಮನೂವರ್ ಎನ್ನುತ್ತಾರೆ, 1909ರಲ್ಲಿ ನೊಬೆಲ್ ಪಡೆದ ಸ್ವಿಸ್ ಸರ್ಜನ್ ಥಿಯೋಡೋರ್ ಕಾಕರ್ ಹೆಸರಿನಲ್ಲಿ. ಮಗುಚಿದಾಗ ಪಿತ್ತನಾಳ ಮತ್ತು ಅದರ ಪಕ್ಕದ ಕಮಾನು ಒಟ್ಟಿಗೆ ಸಿಗುತ್ತವೆ. ಕೊಬ್ಬು ತೆಗೆಯುವಾಗ ಫೋರ್ಸೆಪ್ಸ್‌ನ ಮೊಂಡು ತುದಿ ಬಳಸಿ. ಇಲ್ಲಿನ ಆರ್ಟರಿಗಳು ತೆಳು, ಒಂದು ಎಳೆತಕ್ಕೆ ಕಿತ್ತು ಬರುತ್ತವೆ.

ಹಂತ 9: ಸಿಟಿ ಸ್ಕ್ಯಾನ್‌ನಲ್ಲಿ

ಕಾಂಟ್ರಾಸ್ಟ್ (ರಕ್ತನಾಳ ಹೊಳೆಯುವಂತೆ ಮಾಡುವ ಔಷಧ) ಕೊಟ್ಟು, ಅದು ಆರ್ಟರಿಗಳಲ್ಲಿರುವಾಗ, ಅಂದರೆ ಆರ್ಟೀರಿಯಲ್ ಫೇಸ್‌ನಲ್ಲಿ ತೆಗೆದ ಅಡ್ಡ ಸೀಳಿನ ಚಿತ್ರ ತೆರೆಯಿರಿ. ಪ್ಯಾಂಕ್ರಿಯಾಸ್ ತಲೆ ಕಾಣುವ ಸೀಳಿಗೆ ಬನ್ನಿ. ತಲೆಯ ಬಲ ಅಂಚಿನ ಹತ್ತಿರ ಎರಡು ಚುಕ್ಕೆಗಳಿರುತ್ತವೆ. ಮುಂದಿನ ಮೂಲೆಯಲ್ಲಿ ಹೊಳೆಯುವ ಸಣ್ಣ ಚುಕ್ಕೆ ಜಿಡಿಎ. ಹಿಂದಿನ ಮೂಲೆಯಲ್ಲಿ ಕಪ್ಪಾದ ದುಂಡಗಿನ ಚುಕ್ಕೆ ಪಿತ್ತನಾಳ. ಮೂರನೇ ಹಂತದಲ್ಲಿ ಬೇರೆಯಾದ ಎರಡು ಜೊತೆಗಾರರು ಇವರೇ. ಈ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದರೆ ಡ್ಯುಯೋಡಿನಮ್ ಹೊರಗೆ, ತಲೆ ಒಳಗೆ.

ಎಡಕ್ಕೆ ಬಂದರೆ ದೊಡ್ಡ ಸುಪೀರಿಯರ್ ಮೆಸೆಂಟೆರಿಕ್ ವೇನ್, ಅದರ ಎಡಕ್ಕೆ ಕೊಬ್ಬಿನ ಉಂಗುರದ ನಡುವೆ ಸಣ್ಣ ಎಸ್‌ಎಂಎ. ಸ್ಪ್ಲೀನಿಕ್ ಆರ್ಟರಿ ಒಂದೇ ಸೀಳಿನಲ್ಲಿ ಪೂರ್ತಿ ಸಿಗುವುದಿಲ್ಲ, ಅಂಕುಡೊಂಕಾಗಿರುವುದರಿಂದ ತುಂಡು ತುಂಡಾಗಿ ಕಾಣುತ್ತದೆ. ಸೀಲಿಯಾಕ್ ಮತ್ತು ಎಸ್‌ಎಂಎ ಬುಡಗಳನ್ನು ನೋಡಲು ಪಕ್ಕದ ಸೀಳು, ಅಂದರೆ ಸ್ಯಾಜಿಟಲ್ ವ್ಯೂ ಒಳ್ಳೆಯದು.

ಈ ಚಿತ್ರ ಎಲ್ಲೆಲ್ಲಿ ಕೆಲಸಕ್ಕೆ ಬರುತ್ತದೆ

ಡ್ಯುಯೋಡಿನಮ್‌ನ ಮೊದಲ ಭಾಗದ ಮುಂಗೋಡೆಯ ಅಲ್ಸರ್ ತೂತಾದರೆ ಒಳಗಿನ ದ್ರವ ಹೊಟ್ಟೆಯೊಳಗೆ ಸೋರುತ್ತದೆ. ಹಿಂಗೋಡೆಯ ಅಲ್ಸರ್ ಆಳಕ್ಕೆ ಇಳಿದರೆ ಸಿಗುವುದು ಜಿಡಿಎ. ರೋಗಿ ರಕ್ತ ವಾಂತಿ ಮಾಡಿಕೊಂಡು, ಕಪ್ಪಗೆ ಅಂಟಂಟಾದ ಮಲ ಹೋಗಿ, ಬಿಪಿ ಬಿದ್ದು ಬರುತ್ತಾರೆ. ಇದು ಜೀವಕ್ಕೆ ಅಪಾಯದ ಸ್ಥಿತಿ. ಮೊದಲ ಪ್ರಯತ್ನ ಎಂಡೋಸ್ಕೋಪಿಯಲ್ಲಿ: ಅಡ್ರಿನಲಿನ್ ಇಂಜೆಕ್ಷನ್, ಅದರ ಜೊತೆ ಕ್ಲಿಪ್ ಅಥವಾ ಶಾಖ. ಅದರಿಂದ ನಿಲ್ಲದಿದ್ದರೆ ರೇಡಿಯಾಲಜಿಸ್ಟ್ ತೊಡೆಯ ಅಥವಾ ಕೈಯ ಆರ್ಟರಿಯಿಂದ ತೆಳು ಟ್ಯೂಬ್ ಕಳಿಸಿ ಜಿಡಿಎ ಮುಚ್ಚುತ್ತಾರೆ.

ಇಲ್ಲಿ ನಿಮ್ಮ ಚಿತ್ರ ತೆಗೆದು ನೋಡಿ. ಜಿಡಿಎಯ ಮೇಲ್ಭಾಗ ಮಾತ್ರ ಮುಚ್ಚಿದರೆ? ಎಸ್‌ಎಂಎಯಿಂದ ಕಮಾನುಗಳ ಮೂಲಕ ರಕ್ತ ಹಿಮ್ಮುಖವಾಗಿ ಬಂದು ಅದೇ ತೂತಿನಿಂದ ಸುರಿಯುತ್ತದೆ. ಹಾಗಾಗಿ ಟ್ಯೂಬನ್ನು ತೂತಿನ ಆಚೆಗೆ ದಾಟಿಸಿ ಮೊದಲು ಅಲ್ಲಿ ಕಾಯಿಲ್ ಹಾಕುತ್ತಾರೆ, ಆಮೇಲೆ ಹಿಂದೆ ಬರುತ್ತಾ ಈಚೆಗೂ ಹಾಕುತ್ತಾರೆ. ಸರ್ಜನ್ ಹೊಟ್ಟೆ ತೆರೆದು ಹೊಲಿಗೆ ಹಾಕುವಾಗಲೂ ಅದೇ ಲೆಕ್ಕ: ಅಲ್ಸರ್‌ನ ಮೇಲೊಂದು, ಕೆಳಗೊಂದು, ಪ್ಯಾಂಕ್ರಿಯಾಸ್ ಕಡೆಯಿಂದ ಬರುವ ಅಡ್ಡ ಕವಲಿಗೆ ಒಳಬದಿಯಲ್ಲಿ ಇನ್ನೊಂದು. ಇಷ್ಟೆಲ್ಲ ಮುಚ್ಚಿದರೂ ಡ್ಯುಯೋಡಿನಮ್ ಸಾಮಾನ್ಯವಾಗಿ ಸಾಯುವುದಿಲ್ಲ. ರೋಗಿಗೆ ತೊಂದರೆ ಕೊಟ್ಟ ಅದೇ ಎರಡು ಕಡೆಯ ಹರಿವು ಅಂಗವನ್ನು ಉಳಿಸುತ್ತದೆ.

ವಿಪ್ಪಲ್ ಆಪರೇಷನ್‌ನದು ಇನ್ನೊಂದು ಕಥೆ. ಅಮೆರಿಕದ ಸರ್ಜನ್ ಆಲನ್ ವಿಪ್ಪಲ್ 1935ರಲ್ಲಿ ವರದಿ ಮಾಡಿದ ಈ ಆಪರೇಷನ್‌ನಲ್ಲಿ ತಲೆ, ಡ್ಯುಯೋಡಿನಮ್, ಪಿತ್ತನಾಳದ ಕೆಳಭಾಗ ಒಟ್ಟಿಗೆ ಹೊರಬರುತ್ತವೆ. ಅದಕ್ಕೆ ಜಿಡಿಎ ಕಟ್ಟಿ ಕತ್ತರಿಸಲೇಬೇಕು. ಆದರೆ ಕಟ್ಟುವ ಮುಂಚೆ ಸರ್ಜನ್ ಅದನ್ನು ಸ್ವಲ್ಪ ಹೊತ್ತು ಕ್ಲಾಂಪ್‌ನಿಂದ ಒತ್ತಿ ಹಿಡಿದು, ಲಿವರ್‌ಗೆ ಹೋಗುವ ಹೆಪಾಟಿಕ್ ಆರ್ಟರಿಯ ಮೇಲೆ ಬೆರಳಿಡುತ್ತಾರೆ. ಬಡಿತ ಇದ್ದರೆ ಮುಂದುವರಿಯಬಹುದು. ಬಡಿತ ಮಾಯವಾದರೆ ನಿಲ್ಲಬೇಕು.

ಯಾಕೆ? ಕೆಲವರಲ್ಲಿ ಡಯಾಫ್ರಮ್‌ನ ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಎಂಬ ಪಟ್ಟಿ ಸೀಲಿಯಾಕ್ ಬುಡವನ್ನು ಮೇಲಿನಿಂದ ಒತ್ತುತ್ತದೆ, ಉಸಿರು ಬಿಟ್ಟಾಗ ಇನ್ನೂ ಜಾಸ್ತಿ. ಸೀಲಿಯಾಕ್‌ನಲ್ಲಿ ಹರಿವು ಕಡಿಮೆಯಾದಾಗ ಲಿವರ್‌ಗೆ ರಕ್ತ ಸುತ್ತು ದಾರಿಯಲ್ಲಿ ಬರುತ್ತದೆ: ಎಸ್‌ಎಂಎ, ಇನ್ಫೀರಿಯರ್ ಪ್ಯಾಂಕ್ರಿಯಾಟಿಕೋಡ್ಯುಯೋಡಿನಲ್, ಕಮಾನುಗಳು, ಜಿಡಿಎಯಲ್ಲಿ ಮೇಲ್ಮುಖವಾಗಿ, ಅಲ್ಲಿಂದ ಹೆಪಾಟಿಕ್. ಇಂಥವರಲ್ಲಿ ಜಿಡಿಎ ಕಟ್ಟಿದರೆ ಲಿವರ್‌ನ ಆರ್ಟರಿಯ ದಾರಿಯೇ ಕಟ್. ಅದಕ್ಕೇ ಆಪರೇಷನ್‌ಗೆ ಮುಂಚೆ ಸ್ಯಾಜಿಟಲ್ ಸಿಟಿಯಲ್ಲಿ ಸೀಲಿಯಾಕ್ ಬುಡ ನೋಡಬೇಕು. ಕಮಾನುಗಳು ಎಂದಿಗಿಂತ ದಪ್ಪಗೆ ಕಂಡರೆ ಅನುಮಾನ ಬರಬೇಕು. ವರ್ಷಗಟ್ಟಲೆ ಜಾಸ್ತಿ ಹರಿವು ತಡೆದುಕೊಂಡ ಈ ಸಣ್ಣ ಆರ್ಟರಿಗಳಲ್ಲಿ ಅನ್ಯೂರಿಸಮ್ (ಗೋಡೆ ಬಲೂನಿನಂತೆ ಉಬ್ಬುವುದು) ಕೂಡ ಆಗಬಹುದು.

ಇನ್ನೊಂದು ಎಚ್ಚರ. ಕೆಲವರಲ್ಲಿ ರೈಟ್ ಹೆಪಾಟಿಕ್ ಆರ್ಟರಿ ಸೀಲಿಯಾಕ್ ಬದಲು ಎಸ್‌ಎಂಎಯಿಂದ ಹೊರಟು ಪ್ಯಾಂಕ್ರಿಯಾಸ್ ತಲೆಯ ಹಿಂದಿನಿಂದ ಲಿವರ್‌ಗೆ ಹೋಗುತ್ತದೆ. ಇದು ಅಪರೂಪವೇನಲ್ಲ. ಚಿತ್ರದಲ್ಲಿ ತೆಳುವಾಗಿ ಒಂದು ಗೆರೆ ಹಾಕಿಟ್ಟುಕೊಳ್ಳಿ.

ಪ್ಯಾಂಕ್ರಿಯಾಟೈಟಿಸ್‌ನಲ್ಲಿ (ಪ್ಯಾಂಕ್ರಿಯಾಸ್‌ನ ಉರಿಯೂತ) ಸೋರುವ ಎನ್‌ಜೈಮ್‌ಗಳು ಪಕ್ಕದ ಆರ್ಟರಿಯ ಗೋಡೆಯನ್ನು ತಿಂದು ಸ್ಯೂಡೋಅನ್ಯೂರಿಸಮ್ (ತೂತಾದ ಗೋಡೆಯ ಹೊರಗೆ ರಕ್ತ ತುಂಬಿದ ಉಬ್ಬು) ಮಾಡುತ್ತವೆ. ಹೆಚ್ಚು ಪೆಟ್ಟು ತಿನ್ನುವುದು ಸ್ಪ್ಲೀನಿಕ್, ಆಮೇಲೆ ಜಿಡಿಎ ಮತ್ತು ಕಮಾನುಗಳು. ಪ್ಯಾಂಕ್ರಿಯಾಸ್‌ಗೆ ಅಂಟಿಕೊಂಡೇ ಹೋಗುವ ಆರ್ಟರಿಗಳು ಯಾವುವು ಎಂದು ಚಿತ್ರದಲ್ಲಿ ನೋಡಿದರೆ ಈ ಪಟ್ಟಿ ತಾನೇ ಸಿಗುತ್ತದೆ.

ಹಂತ 10: ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಿ

ಮರುದಿನ ಹೊಸ ಹಾಳೆಯಲ್ಲಿ, ಪುಸ್ತಕ ಮುಚ್ಚಿ, ಅಯೋರ್ಟಾದಿಂದ ಶುರು ಮಾಡಿ ಇನ್ನೊಮ್ಮೆ ಬಿಡಿಸಿ. ಎಲ್ಲಿ ಪೆನ್ನು ನಿಂತಿತೋ ಆ ಹಂತಕ್ಕೆ ಮಾತ್ರ ಹಿಂತಿರುಗಿ. ಪರೀಕ್ಷೆಯಲ್ಲಿ ಚಿತ್ರವನ್ನು ಉತ್ತರದ ಮೊದಲಿಗೇ ಹಾಕಿ, ನಾಲ್ಕು ಕವಲುಗಳ ಹೆಸರು ಪೂರ್ತಿ ಬರೆಯಿರಿ, ಆಮೇಲೆ ಅದನ್ನೇ ನೋಡಿಕೊಂಡು ವಾಕ್ಯ ಬರೆಯಿರಿ.

ಗೆಳೆಯರಿಬ್ಬರು ಕುಳಿತು ಒಬ್ಬರಿಗೊಬ್ಬರು ಕೇಳಿಕೊಳ್ಳಲು ಮೂರು ಪ್ರಶ್ನೆಗಳು. ಎಸ್‌ಎಂಎ ಬುಡದಲ್ಲೇ ನಿಧಾನವಾಗಿ ಕಿರಿದಾಗುತ್ತಾ ಬಂದರೆ ಕಮಾನುಗಳಲ್ಲಿ ರಕ್ತ ಯಾವ ದಿಕ್ಕಿಗೆ ಹರಿಯುತ್ತದೆ? ಮೇಲಿನಿಂದ ಕೆಳಕ್ಕೆ, ಜಿಡಿಎಯಿಂದ ಕರುಳಿನ ಕಡೆಗೆ. ಪೋಸ್ಟೀರಿಯರ್ ಸುಪೀರಿಯರ್ ಕವಲಿಗೆ ಪೆಟ್ಟಾದರೆ ಪ್ಯಾಂಕ್ರಿಯಾಸ್ ಅಲ್ಲದೆ ಇನ್ಯಾವುದಕ್ಕೆ ರಕ್ತ ಕಡಿಮೆಯಾಗಬಹುದು? ಪಿತ್ತನಾಳದ ಕೆಳಭಾಗಕ್ಕೆ. ಬಾಲದ ಗೆಡ್ಡೆ ತೆಗೆಯುವಾಗ ಸ್ಪ್ಲೀನಿಕ್ ಆರ್ಟರಿಯನ್ನೂ ಕಟ್ಟಬೇಕಾಗಿ ಬಂದರೆ ಸ್ಪ್ಲೀನ್ ಉಳಿಯುವ ದಾರಿ ಇದೆಯಾ? ಇದೆ. ಜಠರದ ಕಡೆಯಿಂದ ಶಾರ್ಟ್ ಗ್ಯಾಸ್ಟ್ರಿಕ್ ಮತ್ತು ಲೆಫ್ಟ್ ಗ್ಯಾಸ್ಟ್ರೋಎಪಿಪ್ಲೋಯಿಕ್ ಆರ್ಟರಿಗಳು ಅದಕ್ಕೆ ರಕ್ತ ಕೊಡಬಲ್ಲವು, ಅವುಗಳನ್ನು ಸರ್ಜನ್ ಮುಟ್ಟದೆ ಬಿಟ್ಟಿದ್ದರೆ.